ಪ್ಯಾಚ್ ನಿಮ್ಮಲ್ಲೇ ಉಳಿದರೆ ಅದೇ ಫೋರ್ಕ್: ಕೋಡ್ ಬದಲಾವಣೆಯನ್ನು ಮೂಲ ಪ್ರಾಜೆಕ್ಟ್‌ಗೆ ಸೇರಿಸುವ ಸಮಗ್ರ ಮಾರ್ಗದರ್ಶಿ

ಹಾಲಿನ ಸೊಸೈಟಿಯೊಂದಕ್ಕೆ ಪಾವತಿ ಚೀಟಿ ಪ್ರಿಂಟ್ ಮಾಡುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಹೆಸರಿನ ಕಾಲಂಗೆ 12 ಅಕ್ಷರದ ಮಿತಿ. ಮೊದಲ ಬಟವಾಡೆಯ ದಿನವೇ ಫೋನ್ ಬಂತು. ‘ಲಕ್ಷ್ಮೀದೇವಮ್ಮ’ ಅನ್ನೋರ ಚೀಟಿಯಲ್ಲಿ ‘ಲಕ್ಷ್ಮೀದೇವಮ್’ ಅಂತ ಬಂದಿದೆ, ಕೊನೆಯ ‘ಮ’ ಎಲ್ಲಿ ಹೋಯ್ತು ಅಂತ.

ನಮ್ಮ ಕಣ್ಣಿಗೆ ಆ ಹೆಸರಲ್ಲಿ ಐದೇ ಅಕ್ಷರ. ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಮಾತ್ರ 13. ಗುಣಿತದ ಚಿಹ್ನೆಗೆ ಒಂದು, ಒತ್ತಿನ ಮೊದಲು ಬರುವ ಹಲಂತಕ್ಕೆ ಒಂದು, ಹೀಗೆ ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆ. ನಾನು ಬಳಸಿದ್ದ ಓಪನ್ ಸೋರ್ಸ್ ಲೈಬ್ರರಿ (ಬೇರೆಯವರು ಬರೆದು ಎಲ್ಲರಿಗೂ ಬಿಟ್ಟಿರುವ ಸಿದ್ಧ ಕೋಡ್) ಕಣ್ಣು ಮುಚ್ಚಿಕೊಂಡು 12ಕ್ಕೆ ಕತ್ತರಿ ಹಾಕಿತ್ತು. ಲೈಬ್ರರಿಯ ಫೋಲ್ಡರ್ ತೆರೆದೆ, ಆರು ಸಾಲು ಸೇರಿಸಿದೆ, ಅಕ್ಷರ ಒಡೆಯುವುದು ನಿಂತಿತು. ಸಂಜೆಯೊಳಗೆ ಮರೆತೂ ಬಿಟ್ಟೆ.

ಕೆಲವು ತಿಂಗಳ ನಂತರ ಆ ಲೈಬ್ರರಿಯಲ್ಲಿ ಭದ್ರತಾ ದೋಷ ಸಿಕ್ಕಿ ಹೊಸ ಆವೃತ್ತಿ ಬಂತು. ಅಪ್‌ಡೇಟ್ ಮಾಡಿದೆ. ನನ್ನ ಆರು ಸಾಲು ಕೊಚ್ಚಿಕೊಂಡು ಹೋದವು, ಮತ್ತೆ ಅದೇ ಫೋನ್. ಪುನಃ ಸೇರಿಸಿದೆ. ಅದರ ಮುಂದಿನ ಆವೃತ್ತಿಯಲ್ಲಿ ಆ ಫೈಲನ್ನೇ ಎರಡು ಮಾಡಿದ್ದರು. ನನ್ನ ಪ್ಯಾಚ್‌ಗೆ ಜಾಗವೇ ಇರಲಿಲ್ಲ. ಬೇಜಾರಾಗಿ ಹಳೆಯ ಆವೃತ್ತಿಯಲ್ಲೇ ಕೂತೆ. ಯಾರಿಗೂ ಹೇಳದೆ, ಒಂದು ಹೆಸರೂ ಇಡದೆ, ನಾನೊಂದು ಫೋರ್ಕ್ (ಮೂಲದಿಂದ ಕವಲೊಡೆದ ಪ್ರತಿ) ನಡೆಸುತ್ತಿದ್ದೆ.

ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ‘ಫೋರ್ಕ್’ ಬಟನ್ ಒತ್ತಿದರೆ ಸಿಗುವುದು ಕೆಲಸ ಮಾಡಲು ಒಂದು ನಕಲು ಅಷ್ಟೇ, ಅದರಿಂದ ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಎರಡು ಕೋಡ್‌ಗಳು ಬೇರೆ ಬೇರೆ ದಾರಿ ಹಿಡಿದು ಮತ್ತೆ ಸೇರಲಾಗದಷ್ಟು ದೂರ ಹೋದಾಗ. ಪತ್ರಿಕೆಯಲ್ಲಿ ಸುದ್ದಿಯಾಗುವ ಫೋರ್ಕ್‌ಗಳು ಬೆರಳೆಣಿಕೆಯಷ್ಟು. ಕಳಿಸದೇ ಉಳಿದ ಆರು ಸಾಲಿನಿಂದ ಹುಟ್ಟುವ ಫೋರ್ಕ್‌ಗಳೇ ಜಾಸ್ತಿ. ಅದನ್ನು ತಪ್ಪಿಸುವುದು ಹೇಗೆ ಅಂತ ಹಂತ ಹಂತವಾಗಿ ನೋಡೋಣ.

ಹಂತ 1: ಕೋಡ್ ಮುಟ್ಟುವ ಮೊದಲು ಹುಡುಕಿ

ಮೊದಲು ಪ್ರಾಜೆಕ್ಟ್‌ನ ಈಗಿನ ಮುಖ್ಯ ಬ್ರ್ಯಾಂಚ್ (ಕೋಡ್‌ನ ಕವಲು) ಇಳಿಸಿಕೊಂಡು ಅದರಲ್ಲೂ ಸಮಸ್ಯೆ ಇದೆಯೇ ನೋಡಿ. ಎರಡು ವರ್ಷ ಹಳೆಯ ಆವೃತ್ತಿಯಲ್ಲಿ ಸಿಕ್ಕ ದೋಷ ಎಷ್ಟೋ ಸಲ ಆಗಲೇ ಸರಿಯಾಗಿರುತ್ತದೆ. ಆಮೇಲೆ ಇಶ್ಯೂ ಪಟ್ಟಿ, ಅಂದರೆ ಜನ ವರದಿ ಮಾಡಿದ ತೊಂದರೆಗಳ ಪಟ್ಟಿ, ಹುಡುಕಿ. ಮುಚ್ಚಿದ ಇಶ್ಯೂಗಳನ್ನು ಮರೆಯಬೇಡಿ. ‘ಇದನ್ನು ನಾವು ಮಾಡುವುದಿಲ್ಲ’ ಅಂತ ಕಾರಣ ಸಮೇತ ಬರೆದಿರುವುದು ಅಲ್ಲೇ.

ಬದಲಾವಣೆ ದೊಡ್ಡದಾದರೆ ಒಂದು ಸಾಲೂ ಬರೆಯುವ ಮೊದಲು ಕೇಳಿ. ‘ನನಗೆ ಇಂಥ ತೊಂದರೆ ಇದೆ, ಹೀಗೆ ಮಾಡಬೇಕು ಅಂತಿದ್ದೇನೆ, ನಿಮಗೆ ಒಪ್ಪಿಗೆಯೇ?’ ಇಷ್ಟು ಸಾಕು. ಮೂರು ತಿಂಗಳು ಬಾಗಿಲು ಹಾಕಿಕೊಂಡು ಬರೆದು, ಐದು ಸಾವಿರ ಸಾಲನ್ನು ಒಮ್ಮೆಗೇ ತಂದು ಸುರಿದರೆ ಯಾರೂ ಓದುವುದಿಲ್ಲ. ನೀವೂ ಓದುವುದಿಲ್ಲ, ಅಲ್ವಾ?

ನಾನು ಇಶ್ಯೂ ಬರೆದಾಗ ಒಂದು ಪಾಠ ಕಲಿತೆ. ಎರಡು ಹೆಸರು ಅಂಟಿಸಿ ‘ನೋಡಿ, ತಪ್ಪಾಗಿದೆ’ ಅಂದೆ. ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್‌ಗೆ ಏನೂ ಅರ್ಥವಾಗಲಿಲ್ಲ. ಕನ್ನಡ ಬಾರದವರ ಕಣ್ಣಿಗೆ ‘ಮ್ಮ’, ‘ಮ್’ ಎರಡೂ ಒಂದೇ ಥರದ ಸುರುಳಿ. ಎರಡನೇ ಸಲ ಹೀಗೆ ಬರೆದೆ: ಕೊಟ್ಟ 13 ಕೋಡ್‌ಪಾಯಿಂಟ್‌ಗಳು (ಯೂನಿಕೋಡ್ ಸಂಖ್ಯೆಗಳು) ಇವು, ವಾಪಸ್ ಬಂದ 12 ಇವು, ಇದು ಇಂಗ್ಲಿಷ್‌ನ ‘ಡಬ್ಲ್ಯೂ’ ಅಕ್ಷರವನ್ನು ಅರ್ಧಕ್ಕೆ ಕತ್ತರಿಸಿ ‘ವಿ’ ಮಾಡಿದ ಹಾಗೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು.

ಕನ್ನಡಕ್ಕೆ ಸಂಬಂಧಿಸಿದ ಬದಲಾವಣೆಯಾದರೆ ಇನ್ನೊಂದು ವಿಷಯ. ತಪ್ಪು ಕಂಡ ಜಾಗದಲ್ಲೇ ತಿದ್ದಬೇಕು ಅಂತೇನಿಲ್ಲ, ಅದರ ಮೂಲ ಎಲ್ಲಿದೆ ನೋಡಿ. ಆ್ಯಪ್‌ನಲ್ಲಿ ತಿಂಗಳ ಹೆಸರು ತಪ್ಪಾಗಿದ್ದರೆ ಅದು ಬಹುಶಃ ಯೂನಿಕೋಡ್‌ನವರ ಸಿಎಲ್‌ಡಿಆರ್ ಎಂಬ, ಭಾಷಾವಾರು ಹೆಸರು-ರೂಪಗಳ ದತ್ತಾಂಶದಿಂದ ಬಂದದ್ದು. ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಒತ್ತಕ್ಷರ ಒಡೆದರೆ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಲೈಬ್ರರಿ ಅಥವಾ ಫಾಂಟ್ ಕಡೆ ನೋಡಬೇಕು. ಗ್ನೋಮ್ ಎಂಬ ಡೆಸ್ಕ್‌ಟಾಪ್‌ನ ಅನುವಾದವನ್ನು ಗ್ನೋಮ್‌ನಲ್ಲೇ ತಿದ್ದಿ, ನಿಮ್ಮ ಡಿಸ್ಟ್ರೋದಲ್ಲಿ (ನೀವು ಹಾಕಿಕೊಂಡ ಲಿನಕ್ಸ್ ಸಂಗ್ರಹದಲ್ಲಿ) ಅಲ್ಲ. ಮೇಲಿನ ತೂಬಿನಲ್ಲಿ ನೀರು ಬಿಟ್ಟರೆ ಕೆಳಗಿನ ಎಲ್ಲ ಗದ್ದೆಗೂ ಬರುತ್ತದೆ.

ಹಂತ 2: ಲೈಸೆನ್ಸ್ ಮತ್ತು ಕಂಪನಿಯ ಅನುಮತಿ

ಇದು ಬೋರು, ಆದರೆ ಹತ್ತು ನಿಮಿಷದ ಕೆಲಸ. ಪ್ರಾಜೆಕ್ಟ್‌ನ ‘ಕಾಂಟ್ರಿಬ್ಯೂಟಿಂಗ್’ ಫೈಲ್ ಓದಿ. ಕೆಲವರು, ಕೋಡ್ ಬಳಸುವ ಹಕ್ಕು ಕೊಡುವ ಸಿಎಲ್‌ಎ ಎಂಬ ಒಪ್ಪಂದಕ್ಕೆ ಸಹಿ ಕೇಳುತ್ತಾರೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಂಥ ಪ್ರಾಜೆಕ್ಟ್‌ಗಳಲ್ಲಿ ಪ್ರತಿ ಕಮಿಟ್‌ನ (ದಾಖಲಿಸಿದ ಬದಲಾವಣೆಯ) ಕೊನೆಗೆ ‘ಸೈನ್ಡ್-ಆಫ್-ಬೈ’ ಸಾಲು ಇರಲೇಬೇಕು. ‘ಈ ಕೋಡ್ ಕೊಡುವ ಹಕ್ಕು ನನಗಿದೆ’ ಎಂಬ ಘೋಷಣೆ ಅದು. ಕರ್ನಲ್ ಕೋಡ್ ಯಾರದ್ದು ಎಂದು ಎಸ್‌ಸಿಒ ಕಂಪನಿ ಕೋರ್ಟ್ ಹತ್ತಿದ ಮೇಲೆ, 2004ರಲ್ಲಿ ಈ ಪದ್ಧತಿ ಬಂತು. ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿ ಕಮಿಟ್ ಮಾಡುವಾಗ ‘ಮೈನಸ್ ಎಸ್’ ಹಾಕಿದರೆ ಸಾಲು ತಾನಾಗೇ ಸೇರುತ್ತದೆ.

ಸಂಬಳ ಪಡೆದು ಬರೆದ ಕೋಡ್ ಸಾಮಾನ್ಯವಾಗಿ ಕಂಪನಿಯ ಸ್ವತ್ತು. ಆದ್ದರಿಂದ ಅಲ್ಲಿ ಬರಹದಲ್ಲಿ ಅನುಮತಿ ಪಡೆಯಿರಿ. ‘ಜಿಪಿಎಲ್ ಲೈಸೆನ್ಸ್ ಅಂದರೆ ಬದಲಾವಣೆ ವಾಪಸ್ ಕಳಿಸಲೇಬೇಕು’ ಅನ್ನೋ ಮಾತು ಆಫೀಸುಗಳಲ್ಲಿ ಓಡಾಡುತ್ತದೆ. ಅದು ಸರಿಯಲ್ಲ. ನೀವು ಯಾರಿಗೆ ಪ್ರೋಗ್ರಾಂ ಹಂಚುತ್ತೀರೋ ಅವರಿಗೆ ಸೋರ್ಸ್ ಸಿಗುವಂತೆ ಮಾಡಬೇಕು ಎನ್ನುವುದಷ್ಟೇ ಜಿಪಿಎಲ್. ಮೂಲ ಪ್ರಾಜೆಕ್ಟ್‌ಗೆ ಕಳಿಸಿ ಅಂತ ಅದು ಹೇಳುವುದಿಲ್ಲ. ಎಂಐಟಿ ಲೈಸೆನ್ಸ್ ಅಂತೂ ಅಷ್ಟನ್ನೂ ಕೇಳುವುದಿಲ್ಲ. ಕಳಿಸುವುದು ನಿಮ್ಮ ಲಾಭಕ್ಕೆ. ಮ್ಯಾನೇಜರ್‌ಗೂ ಹಾಗೇ ಹೇಳಿ. ‘ಸಮುದಾಯ ಸೇವೆ’ ಅಂದರೆ ತಲೆದೂಗಿ ಸುಮ್ಮನಾಗುತ್ತಾರೆ. ‘ಪ್ರತಿ ಅಪ್‌ಗ್ರೇಡ್‌ಗೆ ಎರಡು ದಿನ ಉಳಿಯುತ್ತದೆ’ ಅಂದರೆ ಕಿವಿ ನಿಮಿರುತ್ತದೆ.

ಹಂತ 3: ಗಿಟ್ ಸಿದ್ಧ ಮಾಡಿಕೊಳ್ಳಿ

ನಿಮ್ಮ ನಕಲಿಗೆ ‘ಒರಿಜಿನ್’, ಮೂಲ ಪ್ರಾಜೆಕ್ಟ್‌ಗೆ ‘ಅಪ್‌ಸ್ಟ್ರೀಮ್’ ಎಂದು ಎರಡು ರಿಮೋಟ್ (ದೂರದ ಪ್ರತಿಯ ವಿಳಾಸ) ಇಟ್ಟುಕೊಳ್ಳಿ. ‘ಗಿಟ್ ಫೆಚ್ ಅಪ್‌ಸ್ಟ್ರೀಮ್’ ಕೊಟ್ಟು, ಅಪ್‌ಸ್ಟ್ರೀಮ್‌ನ ಮೇನ್‌ನಿಂದ ಹೊಸ ಬ್ರ್ಯಾಂಚ್ ತೆಗೆಯಿರಿ. ಒಂದು ವಿಷಯಕ್ಕೆ ಒಂದು ಬ್ರ್ಯಾಂಚ್.

ನಿಮ್ಮ ನಕಲಿನ ಮೇನ್ ಬ್ರ್ಯಾಂಚ್‌ನಲ್ಲಿ ಯಾವತ್ತೂ ಕಮಿಟ್ ಮಾಡಬೇಡಿ. ಅದು ಮೂಲದ ಕನ್ನಡಿಯಾಗಿಯೇ ಇರಲಿ. ಮೊದಲ ಸಲ ಕಳಿಸುವವರು ಎಡವುವುದು ಇಲ್ಲೇ. ಎರಡು ಕಮಿಟ್ ಮೇನ್ ಮೇಲೆ ಹಾಕಿರುತ್ತಾರೆ, ಆರು ತಿಂಗಳ ನಂತರ ಯಾವುದು ಅವರದ್ದು ಯಾವುದು ಮೂಲದ್ದು ಅಂತ ಗೊತ್ತಾಗದೆ ಫೋಲ್ಡರನ್ನೇ ಅಳಿಸಿ ಮತ್ತೆ ಕ್ಲೋನ್ ಮಾಡುತ್ತಾರೆ. ನಾನೂ ಮಾಡಿದ್ದೇನೆ.

ಹಂತ 4: ಬದಲಾವಣೆಯನ್ನು ಬಿಡಿಸಿ

ನೀವು ಬರೆದದ್ದರಲ್ಲಿ ಸಾಮಾನ್ಯವಾಗಿ ಮೂರು ಥರದ ಸಾಲುಗಳು ಕಲಸಿಕೊಂಡಿರುತ್ತವೆ: ನಿಜವಾದ ದೋಷ ಸರಿಪಡಿಸಿದ್ದು, ಪಕ್ಕದಲ್ಲಿ ಕಂಡದ್ದನ್ನು ಸುಮ್ನೆ ತಿದ್ದಿದ್ದು, ನಿಮಗೆ ಮಾತ್ರ ಬೇಕಾದದ್ದು. ‘ಗಿಟ್ ಆ್ಯಡ್ ಮೈನಸ್ ಪಿ’ ಬಳಸಿದರೆ ಒಂದೊಂದು ತುಂಡನ್ನೂ ತೋರಿಸಿ ‘ಇದು ಬೇಕಾ’ ಅಂತ ಕೇಳುತ್ತದೆ. ಹಾಗೆ ಬೇರ್ಪಡಿಸಿ, ಒಂದು ಕಮಿಟ್‌ಗೆ ಒಂದೇ ಕೆಲಸ ಇರುವಂತೆ ಮಾಡಿ. ಎಡಿಟರ್ ತಾನಾಗೇ ಬದಲಿಸಿದ ಸ್ಪೇಸ್‌ಗಳನ್ನು ಕಿತ್ತುಹಾಕಿ. ಆರು ಸಾಲಿನ ಪ್ಯಾಚ್ ಅವುಗಳಿಂದಾಗಿ ನಾನೂರು ಸಾಲು ಕಾಣುತ್ತದೆ.

ಪ್ರತಿ ಕಮಿಟ್‌ನಲ್ಲೂ ಕೋಡ್ ಬಿಲ್ಡ್ ಆಗಬೇಕು, ಟೆಸ್ಟ್ ಪಾಸಾಗಬೇಕು. ಮುಂದೆ ಯಾರಾದರೂ ‘ಗಿಟ್ ಬೈಸೆಕ್ಟ್’ ಹಿಡಿದು ದೋಷ ಹುಡುಕುವಾಗ ನಡುವೆ ಮುರಿದ ಕಮಿಟ್ ಸಿಕ್ಕರೆ ನಿಮ್ಮನ್ನೇ ಬೈದುಕೊಳ್ಳುತ್ತಾರೆ. ಮೊದಲು ಫೇಲ್ ಆಗುತ್ತಿದ್ದ, ಈಗ ಪಾಸಾಗುವ ಒಂದು ಟೆಸ್ಟನ್ನೂ ಸೇರಿಸಿ. ನನ್ನ ಟೆಸ್ಟ್‌ನಲ್ಲಿ ಲಕ್ಷ್ಮೀದೇವಮ್ಮನ ಹೆಸರೇ ಇದೆ. ಮುಂದೆ ಯಾರಾದರೂ ಆ ಕೋಡನ್ನು ಕೆಡಿಸಿದರೆ ಆ ಟೆಸ್ಟ್ ಫೇಲ್ ಆಗಿ ಅವರಿಗೆ ತಕ್ಷಣ ಗೊತ್ತಾಗುತ್ತದೆ, ನನಗೆ ಫೋನ್ ಬರುವುದಿಲ್ಲ.

ಹಂತ 5: ನಿಮ್ಮ ಅಗತ್ಯವನ್ನು ಎಲ್ಲರ ಅಗತ್ಯವಾಗಿ ಮಾಡಿ

ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಇಲ್ಲಿ ಸ್ವಲ್ಪ ನಿಲ್ಲೋಣ.

ನನ್ನ ಮೊದಲ ಪ್ಯಾಚ್‌ನ ಸಾರಾಂಶ: ಭಾಷೆ ಕನ್ನಡವಾಗಿದ್ದರೆ, ಕತ್ತರಿಸಿದ ಜಾಗ ಹಲಂತದ ಹತ್ತಿರವಿದ್ದರೆ, ಹಿಂದಿನ ಪೂರ್ಣಾಕ್ಷರದವರೆಗೆ ಹೋಗು. ನನ್ನ ಕೆಲಸ ಆಗುತ್ತಿತ್ತು. ಮೇಂಟೇನರ್ ಕೇಳಿದ ಪ್ರಶ್ನೆ: ‘ನಾಳೆ ತೆಲುಗಿನವರು ಬರುತ್ತಾರೆ, ನಾಡಿದ್ದು ಥಾಯ್‌ನವರು. ಎಲ್ಲರಿಗೂ ಒಂದೊಂದು ಇಫ್ ಷರತ್ತು ಹಾಕುತ್ತಾ ಹೋಗಲೇ? ಅದು ಕೆಟ್ಟರೆ ಕನ್ನಡ ಬಾರದ ನಾನು ಹೇಗೆ ಸರಿ ಮಾಡಲಿ?’

ನನಗೆ ಸಿಟ್ಟು ಬಂತು. ಒಂದು ದಿನ ಬಿಟ್ಟು ಓದಿದಾಗ ಅವರು ಹೇಳಿದ್ದು ಸರಿ ಅನ್ನಿಸಿತು. ಪ್ಯಾಚ್ ಸೇರಿದ ಕ್ಷಣದಿಂದ ಅದನ್ನು ಸಾಕುವವರು ಅವರು. ನಾನು ಕರು ಕೊಟ್ಟು ಹೋಗುತ್ತೇನೆ, ಮೇವು ಅವರದ್ದು.

ಅವರೇ ಯೂನಿಕೋಡ್‌ನ ಅಕ್ಷರಗುಚ್ಛದ ನಿಯಮ ಬಳಸೋಣವೇ ಎಂದರು. ಪ್ರಯತ್ನಿಸಿದೆ. ನಮ್ಮ ಕೈಯಲ್ಲಿದ್ದ ಆವೃತ್ತಿಯಲ್ಲಿ ‘ಮ್’ ಮತ್ತು ‘ಮ’ ಎರಡು ಗುಚ್ಛವಾಗಿ ಬೀಳುತ್ತಿದ್ದವು, ಅಂದರೆ ಚೀಟಿಯಲ್ಲಿ ಅದೇ ತಪ್ಪು. ಕೊನೆಗೆ ಹೊಳೆದ ದಾರಿ ಸರಳವಾಗಿತ್ತು. ಎಲ್ಲಿ ಕತ್ತರಿಸಬೇಕು ಎಂದು ಹೇಳುವ ಫಂಕ್ಷನನ್ನು ಬಳಸುವವರೇ ಕೊಡಬಹುದು, ಕೊಡದಿದ್ದರೆ ಹಳೆಯ ಹಾಗೇ ನಡೆಯುತ್ತದೆ. ಲೈಬ್ರರಿಗೆ ಒಂಬತ್ತು ಸಾಲು ಸೇರಿದವು. ಕನ್ನಡದ ಜಾಣತನದ ಇಪ್ಪತ್ತು ಸಾಲು ನನ್ನ ಕೋಡ್‌ನಲ್ಲೇ ಉಳಿಯಿತು. ಆದರೆ ಈಗ ಅದು ಪ್ಯಾಚ್ ಅಲ್ಲ, ಲೈಬ್ರರಿ ಹೇಗೆ ಬದಲಾದರೂ ಅದಕ್ಕೆ ಧಕ್ಕೆ ಇಲ್ಲ.

ಈ ಉಪಾಯ ಎಲ್ಲ ಕಡೆ ನಡೆಯುತ್ತದೆ. ಹುಕ್, ಪ್ಲಗಿನ್, ಕಾನ್ಫಿಗ್ ಆಯ್ಕೆ, ಕಾಲ್‌ಬ್ಯಾಕ್, ಹೆಸರು ಏನೇ ಇರಲಿ, ‘ನನ್ನದು’ ಹೊರಗಿರಲಿ, ಅದು ಸಿಕ್ಕಿಸಿಕೊಳ್ಳುವ ಗೂಟ ಮಾತ್ರ ಒಳಗೆ ಸೇರಲಿ.

ದೊಡ್ಡವರೂ ಇದನ್ನು ಕಷ್ಟಪಟ್ಟೇ ಕಲಿತರು. ಆಂಡ್ರಾಯ್ಡ್ ತಂಡ ಲಿನಕ್ಸ್ ಕರ್ನಲ್‌ಗೆ ‘ವೇಕ್‌ಲಾಕ್’ ಎಂಬ ವ್ಯವಸ್ಥೆ ಬರೆದುಕೊಂಡಿತ್ತು. ಕೆಲಸವಿಲ್ಲದಾಗ ಫೋನ್ ಕೂಡಲೇ ನಿದ್ದೆಗೆ ಹೋಗಬೇಕು, ಕೆಲಸವಿದ್ದಾಗ ಹೋಗಬಾರದು, ಅದಕ್ಕಾಗಿ. ಅದನ್ನು 2009ರಲ್ಲಿ ಕರ್ನಲ್‌ನವರ ಇಮೇಲ್ ಚರ್ಚಾಪಟ್ಟಿಗೆ ಕಳಿಸುವ ಹೊತ್ತಿಗೆ ಫೋನ್‌ಗಳು ಮಾರುಕಟ್ಟೆಗೆ ಬಂದಾಗಿತ್ತು, ಡ್ರೈವರ್‌ಗಳೆಲ್ಲ ಅದನ್ನು ನೆಚ್ಚಿಕೊಂಡಿದ್ದವು. ಕರ್ನಲ್‌ನವರಿಗೆ ವಿನ್ಯಾಸ ಒಪ್ಪಿಗೆಯಾಗಲಿಲ್ಲ. ವಾದ ಮುಂದುವರಿಯಿತು. 2010ರ ಆರಂಭದ 2.6.33 ಆವೃತ್ತಿಯಲ್ಲಿ, ಸ್ಟೇಜಿಂಗ್ (ಇನ್ನೂ ಪಕ್ವವಾಗದ ಕೋಡ್ ಇಡುವ) ಭಾಗದಲ್ಲಿದ್ದ ಆಂಡ್ರಾಯ್ಡ್ ಡ್ರೈವರ್‌ಗಳನ್ನು ತೆಗೆದೇಬಿಟ್ಟರು. ಅವು ಮರಳಿ ಬರಲು ಶುರುವಾದದ್ದು 2012ರ ಮಾರ್ಚ್‌ನ 3.3ರಲ್ಲಿ. ವೇಕ್‌ಲಾಕ್‌ನ ಕೆಲಸ ಮಾಡುವ ವ್ಯವಸ್ಥೆಯನ್ನು ಕರ್ನಲ್‌ನವರು ತಮ್ಮ ರೀತಿಯಲ್ಲಿ ಬರೆದು ಅದೇ ವರ್ಷ 3.5ರಲ್ಲಿ ಸೇರಿಸಿದರು. ಅಷ್ಟರಲ್ಲಿ ಚಿಪ್ ಕಂಪನಿಗಳೂ ಫೋನ್ ಕಂಪನಿಗಳೂ ತಮ್ಮ ತಮ್ಮ ಕವಲು ಮಾಡಿಕೊಂಡಿದ್ದವು. ಒಂದು ಸಾಧನದಲ್ಲಿ ಓಡುವ ಕರ್ನಲ್ ಕೋಡ್‌ನ ಅರ್ಧದಷ್ಟು ಮೂಲದ ಹೊರಗಿನದ್ದೇ ಆಗಿರಬಹುದು ಎಂದು ಆಂಡ್ರಾಯ್ಡ್‌ನ ದಾಖಲೆಗಳೇ ಹೇಳಿವೆ. ನಿಮ್ಮ ಹಳೆಯ ಫೋನ್‌ಗೆ ಅಪ್‌ಡೇಟ್ ನಿಂತುಹೋಗುವುದಕ್ಕೆ ಇದೂ ಒಂದು ಕಾರಣ.

ಹಂತ 6: ಕಮಿಟ್ ಮೆಸೇಜ್

ಮೊದಲ ಸಾಲು ಚಿಕ್ಕದಾಗಿರಲಿ, 50ರಿಂದ 70 ಅಕ್ಷರ. ಒಂದು ಖಾಲಿ ಸಾಲು. ಆಮೇಲೆ ಏನು ತೊಂದರೆ ಇತ್ತು, ಯಾರಿಗೆ, ಯಾಕೆ ಈ ರೀತಿ ಸರಿಪಡಿಸಿದಿರಿ ಅಂತ ಬರೆಯಿರಿ. ಏನು ಬದಲಾಯಿತು ಅನ್ನುವುದು ಡಿಫ್‌ನಲ್ಲೇ (ಹಳೆ-ಹೊಸ ಕೋಡ್‌ನ ವ್ಯತ್ಯಾಸದ ಪಟ್ಟಿ) ಕಾಣುತ್ತದೆ, ಮತ್ತೆ ಹೇಳಬೇಕಿಲ್ಲ. ಇಂಗ್ಲಿಷ್ ಬಗ್ಗೆ ಅಂಜಿಕೆ ಬೇಡ. ಪ್ಯಾಚ್ ತಿರಸ್ಕರಿಸುವವರು ವ್ಯಾಕರಣ ನೋಡಿ ತಿರಸ್ಕರಿಸುವುದಿಲ್ಲ. ‘ದೋಷ ಸರಿಪಡಿಸಿದೆ’ ಅಂತ ಎರಡೇ ಪದ ಬರೆದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ.

ಹಂತ 7: ಕಳಿಸಿ

ಗಿಟ್‌ಹಬ್, ಗಿಟ್‌ಲ್ಯಾಬ್‌ನಲ್ಲಾದರೆ ನಿಮ್ಮ ನಕಲಿಗೆ ಪುಶ್ ಮಾಡಿ (ಏರಿಸಿ), ‘ಇದನ್ನು ಸೇರಿಸಿಕೊಳ್ಳಿ’ ಎಂದು ಕೇಳುವ ಪುಲ್ ರಿಕ್ವೆಸ್ಟ್ ಅಥವಾ ಮರ್ಜ್ ರಿಕ್ವೆಸ್ಟ್ ತೆರೆಯಿರಿ. ‘ಮೇಂಟೇನರ್‌ಗಳಿಗೆ ತಿದ್ದಲು ಅವಕಾಶ ಕೊಡಿ’ ಎಂಬ ಟಿಕ್ ಹಾಕಿ. ಸಣ್ಣಪುಟ್ಟದ್ದನ್ನು ಅವರೇ ತಿದ್ದಿ ಸೇರಿಸಿಕೊಳ್ಳುತ್ತಾರೆ.

ಲಿನಕ್ಸ್ ಕರ್ನಲ್‌ಗೆ ಇವತ್ತಿಗೂ ಇಮೇಲ್‌ನಲ್ಲೇ ಕಳಿಸಬೇಕು. ‘ಚೆಕ್‌ಪ್ಯಾಚ್’ ಸ್ಕ್ರಿಪ್ಟ್ ಶೈಲಿಯ ತಪ್ಪು ತೋರಿಸುತ್ತದೆ, ‘ಗೆಟ್-ಮೇಂಟೇನರ್’ ಸ್ಕ್ರಿಪ್ಟ್ ಯಾರಿಗೆ ಕಳಿಸಬೇಕು ಅಂತ ಹೇಳುತ್ತದೆ, ‘ಗಿಟ್ ಸೆಂಡ್-ಇಮೇಲ್’ ಕಳಿಸುತ್ತದೆ. ಅಟ್ಯಾಚ್‌ಮೆಂಟ್ ಬೇಡ, ಎಚ್‌ಟಿಎಂಎಲ್ ಬೇಡ. ಮೊದಲು ನಿಮಗೇ ಕಳಿಸಿಕೊಂಡು, ಬಂದ ಇಮೇಲನ್ನು ‘ಗಿಟ್ ಎಎಂ’ನಿಂದ ಹಾಕಿ ನೋಡಿ. ನಿಮ್ಮಲ್ಲೇ ಕೂರದ ಪ್ಯಾಚ್ ಅವರಲ್ಲೂ ಕೂರುವುದಿಲ್ಲ.

ಕಳಿಸಿ ಒಂದು ವಾರ ಸುಮ್ಮನಿರಿ. ಆಮೇಲೂ ಸದ್ದಿಲ್ಲದಿದ್ದರೆ ಒಂದು ಸಾಲಿನಲ್ಲಿ ನೆನಪಿಸಿ. ಮೇಂಟೇನರ್‌ಗಳಲ್ಲಿ ಅನೇಕರು ಮಕ್ಕಳು ಮಲಗಿದ ಮೇಲೆ ಈ ಕೆಲಸ ಮಾಡುವವರು.

ಹಂತ 8: ರಿವ್ಯೂ

ಪ್ರತಿ ಪ್ರಶ್ನೆಗೂ ಉತ್ತರ ಕೊಡಿ, ಒಪ್ಪದಿದ್ದರೂ ಕಾರಣ ಹೇಳಿ. ಬದಲಿಸಿದ ಮೇಲೆ ‘ಫಿಕ್ಸ್’, ‘ಇನ್ನೊಂದು ಫಿಕ್ಸ್’ ಅಂತ ಕಮಿಟ್ ಪೇರಿಸಬೇಡಿ. ಆ ಪ್ರಾಜೆಕ್ಟ್‌ನವರು ಬೇಡ ಅನ್ನದಿದ್ದರೆ, ‘ಗಿಟ್ ರಿಬೇಸ್ ಮೈನಸ್ ಐ’ ಬಳಸಿ ಹಳೆಯ ಕಮಿಟ್‌ನಲ್ಲೇ ತಿದ್ದಿ. ಮತ್ತೆ ಪುಶ್ ಮಾಡುವಾಗ ಬರೀ ‘ಫೋರ್ಸ್’ ಬೇಡ, ‘ಫೋರ್ಸ್-ವಿತ್-ಲೀಸ್’ ಹಾಕಿ. ನಿಮಗೆ ಗೊತ್ತಿಲ್ಲದೆ ಬೇರೆ ಯಾರೋ ಆ ಬ್ರ್ಯಾಂಚ್‌ಗೆ ಸೇರಿಸಿದ್ದರೆ ಅದು ಅಳಿಸಿಹೋಗದಂತೆ ತಡೆಯುತ್ತದೆ. ಹಿಂದಿನ ಸರಣಿಗೂ ಈಗಿನದಕ್ಕೂ ಏನು ವ್ಯತ್ಯಾಸ ಅಂತ ‘ಗಿಟ್ ರೇಂಜ್-ಡಿಫ್’ ತೋರಿಸುತ್ತದೆ.

ಹಂತ 9: ಸೇರುವವರೆಗೆ ಏನು ಮಾಡುವುದು?

ಗಿರಾಕಿ ಕಾಯುವುದಿಲ್ಲ. ಸೊಸೈಟಿಯ ಬಟವಾಡೆ ರಿವ್ಯೂ ಮುಗಿಯಲಿ ಅಂತ ನಿಲ್ಲುವುದಿಲ್ಲ. ಆಗ ಪ್ಯಾಚ್ ಬಳಸಿ, ಆದರೆ ಲೆಕ್ಕ ಇಟ್ಟು ಬಳಸಿ.

ಡೆಬಿಯನ್ ಎಂಬ ಲಿನಕ್ಸ್ ಡಿಸ್ಟ್ರೋದವರ ಪದ್ಧತಿ ನನಗೆ ಇಷ್ಟ. ಮೂಲ ಕೋಡ್ ಹಾಗೇ ಇರುತ್ತದೆ. ಬದಲಾವಣೆಗಳೆಲ್ಲ ‘ಪ್ಯಾಚಸ್’ ಫೋಲ್ಡರ್‌ನಲ್ಲಿ ಒಂದೊಂದು ಫೈಲ್, ‘ಸೀರೀಸ್’ ಎಂಬ ಫೈಲ್‌ನಲ್ಲಿ ಅವುಗಳ ಕ್ರಮ. ಹಾಕಲು ತೆಗೆಯಲು ‘ಕ್ವಿಲ್ಟ್’ ಎಂಬ ಉಪಕರಣ. ಪ್ರತಿ ಪ್ಯಾಚ್‌ನ ತಲೆಯಲ್ಲಿ ‘ಫಾರ್ವರ್ಡೆಡ್’ ಎಂಬ ಸಾಲು: ಮೂಲಕ್ಕೆ ಕಳಿಸಿದ್ದೀರಾ, ಇಲ್ಲವಾ, ಅಥವಾ ಕಳಿಸುವ ಅಗತ್ಯವಿಲ್ಲವಾ. ಸಾಧನಗಳಿಗೆ ಲಿನಕ್ಸ್ ಕಟ್ಟಲು ನೆರವಾಗುವ ಯೋಕ್ಟೋದವರಲ್ಲೂ ‘ಅಪ್‌ಸ್ಟ್ರೀಮ್-ಸ್ಟೇಟಸ್’ ಅಂತ ಇಂಥದ್ದೇ ಸಾಲಿದೆ. ಸಣ್ಣ ಟೀಮ್‌ಗೂ ಇದು ಸಾಕು. ತಿಂಗಳಿಗೊಮ್ಮೆ ಆ ಫೋಲ್ಡರ್ ತೆರೆದು ‘ಕಳಿಸಿಲ್ಲ’ ಎಂದಿರುವ ಫೈಲ್‌ಗಳನ್ನು ಎಣಿಸಿ. ಆ ಸಂಖ್ಯೆ ಏರುತ್ತಿದ್ದರೆ ನೀವು ಫೋರ್ಕ್ ಕಡೆಗೆ ನಡೆಯುತ್ತಿದ್ದೀರಿ.

ಪ್ರತಿ ಹೊಸ ಆವೃತ್ತಿ ಬಂದ ಕೂಡಲೇ ಪ್ಯಾಚ್‌ಗಳನ್ನು ಅದರ ಮೇಲೆ ರಿಬೇಸ್ ಮಾಡಿ, ಅಂದರೆ ಹೊಸದಾಗಿ ಕೂರಿಸಿ. ನಾಲ್ಕು ಆವೃತ್ತಿ ಬಿಟ್ಟು ಒಟ್ಟಿಗೆ ಮಾಡುತ್ತೇನೆ ಅಂದರೆ ನಾಲ್ಕು ಪಟ್ಟು ಅಲ್ಲ, ಅದಕ್ಕಿಂತ ಜಾಸ್ತಿ ಕಷ್ಟ. ಗಿಟ್‌ನಲ್ಲಿ ‘ರೆರೆರೆ’ ಅನ್ನೋ ತಮಾಷೆ ಹೆಸರಿನ ಸೌಲಭ್ಯ ಇದೆ. ಅದನ್ನು ಆನ್ ಮಾಡಿಟ್ಟರೆ, ಒಮ್ಮೆ ನೀವು ಬಗೆಹರಿಸಿದ ಕಾನ್‌ಫ್ಲಿಕ್ಟನ್ನು (ಎರಡು ಬದಲಾವಣೆಗಳ ಘರ್ಷಣೆಯನ್ನು) ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ಬಗೆಹರಿಸುತ್ತದೆ.

ಮೇಂಟೇನರ್ ಪ್ಯಾಚ್ ಬೇಡವೆಂದರೆ? ಮೊದಲು ಹಂತ 5ಕ್ಕೆ ಹೋಗಿ, ಹುಕ್ ಸಾಧ್ಯವೇ ನೋಡಿ. ಅದೂ ಆಗದಿದ್ದರೆ ಫೋಲ್ಡರ್‌ನಲ್ಲಿ ಕಾರಣ ಬರೆದು ಪ್ಯಾಚ್ ಉಳಿಸಿಕೊಳ್ಳಿ. ಒಂದೋ ಎರಡೋ ಇದ್ದರೆ ಜೀವ ಹೋಗುವುದಿಲ್ಲ.

ಫೋರ್ಕ್ ಮಾಡಲೇಬೇಕಾದಾಗ

ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ. 2004ರಲ್ಲಿ, ತೆರೆಯ ಮೇಲೆ ಚಿತ್ರ ಮೂಡಿಸುವ ಎಕ್ಸ್‌ಫ್ರೀ86 ತನ್ನ ಲೈಸೆನ್ಸ್ ಬದಲಿಸಿದಾಗ ಡಿಸ್ಟ್ರೋಗಳು ಅದರ ಫೋರ್ಕ್ ಆದ ಎಕ್ಸ್.ಆರ್ಗ್ ಕಡೆ ಹೊರಟವು. 2010ರಲ್ಲಿ ಸನ್ ಕಂಪನಿ ಒರಾಕಲ್ ಕೈಗೆ ಹೋದ ಮೇಲೆ ಅದರ ಕಚೇರಿ ಸಾಫ್ಟ್‌ವೇರ್ ಓಪನ್‌ಆಫೀಸ್‌ನ ಬಹಳಷ್ಟು ಜನ ಸೇರಿ ಲಿಬ್ರೆಆಫೀಸ್ ಶುರು ಮಾಡಿದರು. ಎರಡರಲ್ಲೂ ಕೋಡ್ ಬರೆಯುವವರು ಗುಂಪಾಗಿ ಹೊರಟರು. ಪರೀಕ್ಷೆ ಅದೇ: ನಿಮ್ಮ ಜೊತೆ ಎಷ್ಟು ಜನ ಬರುತ್ತಾರೆ? ಒಬ್ಬರೇ ಹೊರಟರೆ ಅದು ಫೋರ್ಕ್ ಅಲ್ಲ, ವನವಾಸ.

ಹೊರಟರೆ ಹೆಸರು ಬದಲಿಸಿ, ಲೈಸೆನ್ಸ್ ಬದಲಿಸಬೇಡಿ, ಗಿಟ್ ಇತಿಹಾಸ ಅಳಿಸಬೇಡಿ. ವಾಪಸ್ ಬರುವ ಬಾಗಿಲು ಅದು. ಜಿಸಿಸಿ ಕಂಪೈಲರ್‌ನ ಬೆಳವಣಿಗೆ ನಿಧಾನವಾಯಿತು ಎಂದು 1997ರಲ್ಲಿ ಇಜಿಸಿಎಸ್ ಎಂಬ ಫೋರ್ಕ್ ಹುಟ್ಟಿತು. ಅದು ಎಷ್ಟು ಮುಂದೆ ಹೋಯಿತು ಎಂದರೆ 1999ರಲ್ಲಿ ಅದನ್ನೇ ಅಧಿಕೃತ ಜಿಸಿಸಿ ಮಾಡಿದರು. 2014ರ ಡಿಸೆಂಬರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್‌ನಿಂದ ಒಡೆದ ಐಒ.ಜೆಎಸ್ ಕೂಡ ಮರುವರ್ಷವೇ ಮರಳಿತು. ಎರಡೂ ಒಂದಾಗಿ ನೋಡ್ 4.0 ಬಂದದ್ದು 2015ರ ಸೆಪ್ಟೆಂಬರ್‌ನಲ್ಲಿ. ಎರಡೂ ಕಡೆ ಲೈಸೆನ್ಸ್ ಹೊಂದುತ್ತಿತ್ತು, ಕೋಡ್ ಇನ್ನೂ ಬೆರೆಯುವಷ್ಟು ಹತ್ತಿರವಿತ್ತು.

ಹಂತ 10: ಸೇರಿದ ಮೇಲೆ ನಿಮ್ಮ ಪ್ಯಾಚ್ ಅಳಿಸಿ

ಮರ್ಜ್ ಆಯಿತು ಅಂತ ಕುಣಿದು ಇದನ್ನು ಮರೆಯುವವರು ಬಹಳ. ಮರ್ಜ್ ಆದದ್ದು ಮುಖ್ಯ ಬ್ರ್ಯಾಂಚ್‌ಗೆ. ಅದು ನಿಮ್ಮ ಕೈಗೆ ಬರುವುದು ಮುಂದಿನ ಬಿಡುಗಡೆಯಲ್ಲಿ. ಆ ಆವೃತ್ತಿ ಬಂದ ದಿನ ಪ್ಯಾಚ್ ತೆಗೆದು, ಅದಿಲ್ಲದೆ ಟೆಸ್ಟ್ ಓಡಿಸಿ, ಪಾಸಾದರೆ ಫೈಲ್ ಅಳಿಸಿ. ನಿಮ್ಮ ಮೊದಲ ಪ್ಯಾಚ್‌ಗೂ ಕೊನೆಗೆ ಸೇರಿದ್ದಕ್ಕೂ ವ್ಯತ್ಯಾಸ ಇರುತ್ತದೆ, ಆದ್ದರಿಂದ ನಿಮ್ಮ ಕಡೆಯ ಕೋಡನ್ನೂ ಒಮ್ಮೆ ನೋಡಿ.

ನನ್ನಲ್ಲಿ ಹಾಗೇ ಆಯಿತು. ಹೊಸ ಆವೃತ್ತಿ ಹಾಕಿದೆ, ಪ್ಯಾಚ್ ತೆಗೆದೆ, ಚೀಟಿ ಪ್ರಿಂಟ್ ಮಾಡಿದೆ. ಮತ್ತೆ ‘ಲಕ್ಷ್ಮೀದೇವಮ್’! ಕತ್ತರಿಸುವ ಫಂಕ್ಷನನ್ನು ಕೊಡಲು ನಾನೇ ಮರೆತಿದ್ದೆ. ಒಂದು ಸಾಲು ಸೇರಿಸಿದೆ, ಈ ಸಲ ನನ್ನ ಕೋಡ್‌ನಲ್ಲಿ. ‘ಲಕ್ಷ್ಮೀದೇವ’ ಅಂತ ಬಂತು. ಅಕ್ಷರ ಒಡೆದಿರಲಿಲ್ಲ, ಆದರೆ ಹೆಣ್ಣುಮಗಳ ಹೆಸರು ಗಂಡಸಿನದ್ದಾಗಿತ್ತು. ಕಾಲಂ ಅನ್ನು 20 ಅಕ್ಷರಕ್ಕೆ ಅಗಲ ಮಾಡಿದೆ.